ಪ್ರತಿಕ್ರಿಯೆ: ಆ ಹಿಕ್ಕೆ ನೀರುನಾಯಿಯದ್ದು

ಶ್ರೀರಂಗಪಟ್ಟಣದ ಬಳಿ ಹೊಳೆಯಂಚಿನ ಜೌಗು ತೋಪಿನಲ್ಲಿ, ಹೊಳೆಮತ್ತಿ ಮರದ ಬುಡದಲ್ಲಿ ಮೀನಿನ ಹುರುಪೆ ತುಂಬಿದ ಹಿಕ್ಕೆ ಕಂಡಿತು, ಮೊಸಳೆಯದ್ದೇ ಎಂದು ಕೇಳಿದ್ದೀರಿ. ಅಲ್ಲ. ಮೊಸಳೆಯ ಜಠರದ ಆಮ್ಲಕ್ಕೆ ಮೂಳೆಯೂ ಕರಗುತ್ತದೆ. ಅದರ ಹಿಕ್ಕೆ ಸುಣ್ಣದಂತೆ ಬೆಳ್ಳಗಿರುತ್ತದೆ. ಹುರುಪೆ, ಮುಳ್ಳು, ಏಡಿಯ ಚಿಪ್ಪಿನ ಚೂರು ಹಾಗೆಯೇ ಉಳಿದು ಮೀನಿನ ಕಟು ವಾಸನೆ ಹೊಡೆದರೆ ಅದು ಬಹುತೇಕ ನೀರುನಾಯಿಯದ್ದು. ಕಾವೇರಿಯಲ್ಲಿ ಇವು ಗುಂಪಾಗಿ ಬದುಕುತ್ತವೆ, ಗಡಿ ಗುರುತಿಗೆಂದು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು ಹಿಕ್ಕೆ ಹಾಕುತ್ತವೆ. ಮುಂಗುಸಿಯೂ ಏಡಿ ತಿನ್ನುತ್ತದೆ, ನಿಜ. ಆದರೆ ಹಸಿ ಮಣ್ಣಿನಲ್ಲಿ ಐದು ಬೆರಳುಗಳ ನಡುವೆ ಜಾಲಪೊರೆಯ ಅಚ್ಚು ಕಂಡರೆ ಅನುಮಾನವೇ ಬೇಡ.

ಹೆಜ್ಜೆ ಹುಡುಕಲು ಬೇಸಿಗೆಯೇ ಸರಿ. ಮಳೆಗಾಲದಲ್ಲಿ ಕನ್ನಂಬಾಡಿಯಿಂದ ನೀರು ಬಿಟ್ಟರೆ ದಡದ ಗುರುತುಗಳೆಲ್ಲ ಕೊಚ್ಚಿಹೋಗುತ್ತವೆ. ಮೊಸಳೆ ಇಲ್ಲವೇ ಇಲ್ಲ ಎಂದುಕೊಂಡು ನೀರಿಗೆ ಮಾತ್ರ ಇಳಿಯಬೇಡಿ. ರಂಗನತಿಟ್ಟು ಅಲ್ಲೇ ಪಕ್ಕದಲ್ಲಿದೆ, ಅಲ್ಲಿನ ಬಂಡೆಗಳ ಮೇಲೆ ಅವು ಮೈಚಾಚಿ ಮಲಗಿರುವುದನ್ನು ನೀವೂ ನೋಡಿರುತ್ತೀರಿ.

ನೀರುನಾಯಿಗಳು ಬಲೆ ಹರಿಯುತ್ತವೆಂದು ಯಾರಾದರೂ ಉರುಳು ಇಡಲು ಹೊರಟರೆ ತಡೆಯಿರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.