ಅಮೆರಿಕದಲ್ಲಿ 11ನೇ ಕ್ಲಾಸ್ ಓದುವ ನನ್ನ ಮಗ ಗುಂಡು ಎಸೆತಗಾರ. ಕಾಲೇಜು ತಂಡ ಸೇರಲು ಏನು ಮಾಡಬೇಕು?

ಮೊದಲು ಗುಂಡಿನ ತೂಕ ನೋಡಿ. ಅಲ್ಲಿ ಹೈಸ್ಕೂಲ್ ಹುಡುಗರದು 12 ಪೌಂಡ್, ಅಂದರೆ ಸುಮಾರು 5.4 ಕೆಜಿ. ಕಾಲೇಜಿನದು 16 ಪೌಂಡ್, 7.26 ಕೆಜಿ. ಅದೇ ಕೈ, ಅದೇ ವೃತ್ತ, ಆದರೆ ಗುಂಡು ಎಷ್ಟೋ ಅಡಿ ಹಿಂದೆಯೇ ಬೀಳುತ್ತದೆ. ಹಾಗಾಗಿ ಈಗಿನ ದೂರವನ್ನು ಕಾಲೇಜಿನ ಫಲಿತಾಂಶಗಳ ಜೊತೆ ನೇರವಾಗಿ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಕೋಚ್ ತಾವೇ ಹುಡುಕಿಕೊಂಡು ಬರಲಿ ಅಂತ ಸುಮ್ನೆ ಕಾಯಬೇಡಿ. ಇಮೇಲ್ ಅವನೇ ಬರೆಯಲಿ, ನೀವಲ್ಲ. ಅತ್ಯುತ್ತಮ ಎಸೆತ, ಅದು ಯಾವ ಕೂಟದಲ್ಲಿ ಬಂತು, ಓದಿನ ಅಂಕ, ಜೊತೆಗೊಂದು ಪುಟ್ಟ ವಿಡಿಯೊ ಸಾಕು. ವಿಡಿಯೊದಲ್ಲಿ ಕೈ ಮಾತ್ರ ಅಲ್ಲ, ವೃತ್ತದೊಳಗೆ ಕಾಲು ತಿರುಗುವುದೂ ಪೂರ್ತಿ ಕಾಣಬೇಕು.

ಓದನ್ನು ಬಿಡುವಂತಿಲ್ಲ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನೋಡಿಕೊಳ್ಳುವ ಸಂಸ್ಥೆ ಎನ್‌ಸಿಎಎ ಕಾಲೇಜುಗಳನ್ನು ಡಿವಿಷನ್ 1, 2, 3 ಅಂತ ಮೂರು ವಿಭಾಗ ಮಾಡಿದೆ. ಡಿವಿಷನ್ 1 ಮತ್ತು 2ರಲ್ಲಿ ಆಡಲು ಹೈಸ್ಕೂಲಿನಲ್ಲಿ 16 ಮುಖ್ಯ ಕೋರ್ಸ್ ಮುಗಿಸಿರಬೇಕು, ಅವರ ಅರ್ಹತಾ ಕೇಂದ್ರದಲ್ಲಿ ಹೆಸರು ನೋಂದಾಯಿಸಬೇಕು. ಶಾಲೆಯ ಕೌನ್ಸೆಲರ್ ಹತ್ತಿರ ಈ ವಾರವೇ ಕೇಳಿ.

ಡಿವಿಷನ್ 3ರಲ್ಲಿ ಕ್ರೀಡಾ ಸ್ಕಾಲರ್‌ಶಿಪ್ ಇಲ್ಲ. ಆದರೂ ಅದನ್ನು ಕಡೆಗಣಿಸಬೇಡಿ. ಓದು ನೋಡಿ, ಮನೆಯ ಆದಾಯ ನೋಡಿ ಹಣ ಸಹಾಯ ಮಾಡುವ ಒಳ್ಳೆಯ ಕಾಲೇಜುಗಳು ಅಲ್ಲಿವೆ. ಬೆಂಚಿನಲ್ಲಿ ಕೂರುವುದಕ್ಕಿಂತ ಪ್ರತಿ ಕೂಟದಲ್ಲೂ ಎಸೆಯುವ ಅವಕಾಶ ಸಿಗೋದು ಅವನಿಗೆ ಒಳ್ಳೆಯದು ಅಲ್ವಾ?