ಸಹಿ ಹಾಕಲೇ, ಬೇಡವೇ?

ಪ್ರಶ್ನೆ: ಅಕ್ಕಾ ಅವರಿಗೆ ನಮಸ್ಕಾರ. ನಾನು ಬೆಳಗಾವಿ ಜಿಲ್ಲೆಯ ಒಂದು ಹಳ್ಳಿಯವಳು. ಮೂರೂವರೆ ಎಕರೆ ಕಬ್ಬಿನ ಹೊಲವಿದೆ. ಮಗಳ ಮದುವೆಯಾಗಿದೆ. ಒಬ್ಬನೇ ಮಗ, ದ್ವಿತೀಯ ಪಿಯುಸಿ ವಿಜ್ಞಾನದಲ್ಲಿದ್ದಾನೆ. ಬರುವ ತಿಂಗಳು ಅವನಿಗೆ ಹದಿನೇಳೂವರೆ ತುಂಬುತ್ತದೆ. ಒಂದು ವರ್ಷದಿಂದ ನಸುಕಿನ ನಾಲ್ಕೂವರೆಗೆ ಎದ್ದು ಕಾಲುವೆ ದಂಡೆಯ ಮೇಲೆ ಓಡುತ್ತಾನೆ. ಮೈ ಗಟ್ಟಿಯಾಗಲೆಂದು ನಾನೇ ದಿನವೂ ಶೇಂಗಾ ನೆನೆಸಿ ಕೊಡುತ್ತಿದ್ದೆ. ಅವನು ಓಡುತ್ತಿದ್ದುದು ಮಿಲಿಟರಿ ಭರ್ತಿಗೆ ಎಂಬುದು ನನಗೆ ಗೊತ್ತಾದದ್ದು ಮೊನ್ನೆ. ಅಗ್ನಿವೀರನಾಗಿ ಸೇರಲು ಹದಿನೆಂಟು ತುಂಬದವರಿಗೆ ತಂದೆ ತಾಯಿಯ ಸಹಿ ಬೇಕಂತೆ. ನನ್ನವರು ಹಾಕುತ್ತೇನೆ ಎಂದರು. ಅವರೂ ಹತ್ತೊಂಬತ್ತನೇ ವಯಸ್ಸಿನಲ್ಲಿ ಭರ್ತಿಗೆ ಹೋಗಿ ಎದೆಯ ಅಳತೆ ಸಾಲದೆ ಹಿಂದಿರುಗಿದವರು. ಮಗ ಮಾತ್ರ ನನ್ನ ಒಪ್ಪಿಗೆಯೇ ಬೇಕೆಂದು ಹಟ ಹಿಡಿದಿದ್ದಾನೆ. "ನೀ ಹ್ಞೂಂ ಅನ್ನಲಿಲ್ಲಂದ್ರ ಹದಿನೆಂಟು ತುಂಬೋತನಕ ಕಾಯ್ತೀನಿ, ಹೋಗೋದಂತೂ ಖರೆ" ಎನ್ನುತ್ತಾನೆ. 2016ರಲ್ಲಿ ಕುಂದಗೋಳ ತಾಲೂಕಿನ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರು ಸಿಯಾಚಿನ್ ಹಿಮದಡಿ ಸಿಕ್ಕಿಬಿದ್ದಾಗ ನಾನು ಮೂರು ದಿನ ಟಿ.ವಿ. ಮುಂದಿನಿಂದ ಏಳಲಿಲ್ಲ, ಕೊನೆಗೆ ಅವರ ತಾಯಿಯ ಮುಖ ನೋಡಲಾಗದೆ ಅತ್ತೆ. ಅಂದು ಎಂಟು ವರ್ಷದ ಮಗನೂ ನನ್ನ ಮಗ್ಗುಲಲ್ಲೇ ಕೂತಿದ್ದ. ಈಗ ಅದನ್ನು ನೆನಪಿಸಿದರೆ, "ಆರು ದಿವಸ ಹಿಮದಾಗ ಜೀವ ಹಿಡದಿದ್ರಲ್ಲವಾ" ಎನ್ನುತ್ತಾನೆ. ರಾತ್ರಿ ನಿದ್ದೆ ಬರುತ್ತಿಲ್ಲ. ಸಹಿ ಹಾಕಲೇ, ಬೇಡವೇ?

ಉತ್ತರ: ತಂಗೀ, ಇಂಥ ಮಗನನ್ನು ಹೆತ್ತ ನೀವು ಧನ್ಯರು ಎಂದು ಎರಡು ಸಾಲು ಬರೆದು ಕೈತೊಳೆದುಕೊಳ್ಳುವುದು ನನಗೆ ಸುಲಭ. ಆದರೆ ನಿಮ್ಮ ನಿದ್ದೆಗೆಟ್ಟ ರಾತ್ರಿಗಳಿಗೆ ಅದರಿಂದ ಏನೂ ಆಗದು. ಸೈನಿಕನ ಕೆಲಸದಲ್ಲಿ ಜೀವದ ಅಪಾಯವಿದೆ, ನಿಮ್ಮ ಭಯಕ್ಕೆ ಆಧಾರವಿದೆ, ಅದನ್ನು ಪಡಲು ನಿಮಗೆ ಪೂರ್ಣ ಹಕ್ಕಿದೆ. ಇಪ್ಪತ್ತೆರಡು ವರ್ಷ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತ ಎನ್‌.ಸಿ.ಸಿ. ಅಧಿಕಾರಿಯಾಗಿಯೂ ಇದ್ದ ನಾನು ನಿಮ್ಮ ಮಗನಂಥ ಹಲವು ಹುಡುಗರನ್ನೂ ಅವರ ತಾಯಂದಿರನ್ನೂ ಹತ್ತಿರದಿಂದ ಕಂಡಿದ್ದೇನೆ. ಹೆದರದ ತಾಯಿಯನ್ನು ಒಬ್ಬರನ್ನೂ ಕಂಡಿಲ್ಲ.

ಮೊದಲು ಸಹಿಯ ಮಾತು. ಅದಕ್ಕಿರುವ ಬಲ ಇನ್ನು ಕೆಲವೇ ತಿಂಗಳದು, ಮಗನೂ ಅದನ್ನು ಬಲ್ಲ. ಹದಿನೆಂಟು ತುಂಬಿದ ದಿನ ಆ ಕಾಗದದಲ್ಲಿ ನಿಮಗೆ ಜಾಗವಿರುವುದಿಲ್ಲ. ಆದರೂ ಅಪ್ಪನ ಸಹಿ ಸುಲಭವಾಗಿ ಸಿಗುವಾಗ ಅವನು ನಿಮ್ಮ ಒಪ್ಪಿಗೆಗಾಗಿ ಹಟ ಹಿಡಿದಿದ್ದಾನೆ ಎಂದರೆ, ನಿಮ್ಮಿಂದ ಬಿಡಿಸಿಕೊಂಡು ಓಡುವ ಹುಡುಗ ಅವನಲ್ಲ. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಭರವಸೆ ಕೊಟ್ಟ ಸಂಗತಿ ಇದು. ನನ್ನ ವಿದ್ಯಾರ್ಥಿಯೊಬ್ಬನ ತಂದೆ ಭರ್ತಿಯ ಕರೆಪತ್ರವನ್ನು ಟ್ರಂಕಿನ ತಳದಲ್ಲಿ ಬಚ್ಚಿಟ್ಟಿದ್ದರು. ದಿನಾಂಕ ಕಳೆಯಿತು, ಮಗ ಊರಲ್ಲೇ ಉಳಿದ. ಹಬ್ಬಕ್ಕೆ ಮನೆ ಸುಣ್ಣ ಮಾಡುವಾಗ ಆ ಪತ್ರ ಅವನ ಕೈಗೇ ಸಿಕ್ಕಿತು. ಅಲ್ಲಿಂದಾಚೆ ಅವರಿಬ್ಬರೂ ಒಂದೇ ಸೂರಿನಡಿ ಇದ್ದರು, ಊಟಕ್ಕೆ ಕರೆಯುವ ಮಾತೊಂದನ್ನು ಬಿಟ್ಟರೆ ಬೇರೆ ಮಾತಿರಲಿಲ್ಲ. ಆ ತಂದೆ ಕೆಟ್ಟವರಾಗಿರಲಿಲ್ಲ, ನಿಮ್ಮಷ್ಟೇ ಹೆದರಿದ್ದರು. ಸಹಿ ತಡೆಹಿಡಿದು ಮಗನನ್ನು ನಿಲ್ಲಿಸುವ ದಾರಿಯನ್ನು ನಾನು ಹೇಳದಿರುವುದಕ್ಕೆ ಆ ಮನೆಯೇ ಕಾರಣ.

ಇನ್ನು ಬೆಟದೂರಿನ ಮಾತು. 2016ರ ಫೆಬ್ರವರಿ 3ರಂದು ಹಿಮಕುಸಿತಕ್ಕೆ ಸಿಕ್ಕ ಹತ್ತು ಮಂದಿಯಲ್ಲಿ ಲ್ಯಾನ್ಸ್ ನಾಯಕ್ ಹನುಮಂತಪ್ಪನವರೊಬ್ಬರೇ ಆರು ದಿನಗಳ ನಂತರ ಜೀವಂತವಾಗಿ ದೊರೆತರು, 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಒಂದೇ ಟಿ.ವಿ.ಯ ಮುಂದೆ ಕೂತು ನೀವು ಆ ತಾಯಿಯನ್ನು ಕಂಡಿರಿ, ನಿಮ್ಮ ಮಗ ಆ ಸೈನಿಕನನ್ನು ಕಂಡ. ಎಂಟರ ವಯಸ್ಸಿನಲ್ಲಿ ಮನಸ್ಸಿಗೆ ಇಳಿದದ್ದು ಒಂಬತ್ತು ವರ್ಷ ಒಳಗೇ ಇದ್ದಿದ್ದರೆ, ಇದು ಗೆಳೆಯರ ಜೊತೆ ಹುಟ್ಟಿದ ತಿಂಗಳೊಪ್ಪತ್ತಿನ ಹುಚ್ಚಲ್ಲ. ಆದರೆ ಅವನು ಕಾಣದ ಅರ್ಧವೂ ಒಂದಿದೆ, ಅದು ನಿಮ್ಮಲ್ಲಿದೆ. ಆ ತಾಯಿಯ ಮುಖ ನೋಡಿ ನಿಮಗೇನಾಯಿತು ಎಂಬುದನ್ನು ಅವನಿಗೆ ಒಮ್ಮೆ ಬಿಡಿಸಿ ಹೇಳಿ. ತಡೆಯಲೆಂದಲ್ಲ, ಅವನಿಗೆ ತಿಳಿಯಲೆಂದು. "ನನಗ ಹೆದರಿಕಿ ಆಗೇತಿ" ಎಂಬ ಮಾತನ್ನು ಮಗನ ಮುಂದೆ ಆಡಿದರೆ ಅವನ ಕಾಲು ಹಿಂಜರಿದೀತು ಎಂದು ತಾಯಂದಿರು ನುಂಗಿಕೊಳ್ಳುತ್ತಾರೆ. ನುಂಗಿದ್ದು ಬೇರೆ ರೂಪದಲ್ಲಿ, ಸಿಡುಕಾಗಿ, ಉಪವಾಸವಾಗಿ, ಅತ್ತಿಗೆಯ ಮುಂದಿನ ದೂರಾಗಿ ಹೊರಬರುತ್ತದೆ.

ಭಾವನೆಯ ಮಾತು ಆದ ಮೇಲೆ ಮನೆಯ ಮೂವರೂ ಒಂದು ಸಂಜೆ ಕೂತು ಯೋಜನೆಯ ಷರತ್ತುಗಳನ್ನು ಓದಬೇಕು, ಏಕೆಂದರೆ ನಿಮ್ಮ ಯಜಮಾನರು ಹೋಗಿದ್ದ ಭರ್ತಿ ಈಗ ಇಲ್ಲ. ಅಂದು ಸೇರಿದವರು ಹದಿನೈದು ವರ್ಷ ದುಡಿದು ಪಿಂಚಣಿ ಹಿಡಿದು ಊರಿಗೆ ಬರುತ್ತಿದ್ದರು. 2022ರ ಜೂನ್‌ನಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ತರಬೇತಿಯೂ ಅದರಲ್ಲೇ ಸೇರಿದೆ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ, ನಾಲ್ಕನೆಯ ವರ್ಷ 40,000. ಅದರಲ್ಲಿ ಶೇ 30ರಷ್ಟು ಸೇವಾ ನಿಧಿಗೆ ಹೋಗುವುದರಿಂದ ಮೊದಲ ವರ್ಷ ಕೈಗೆ ಬರುವುದು 21,000. ಸರ್ಕಾರ ಅಷ್ಟೇ ಮೊತ್ತ ಸೇರಿಸಿ ಕೊನೆಗೆ ಬಡ್ಡಿಯೊಡನೆ ಕೊಡುವ ಗಂಟು ಸುಮಾರು 11.71 ಲಕ್ಷ ಎಂದು ಘೋಷಣೆಯ ಸಮಯದಲ್ಲಿ ಹೇಳಲಾಗಿತ್ತು. 48 ಲಕ್ಷದ ಜೀವವಿಮೆ ಇದೆ, ಅದಕ್ಕೆ ಅವನ ಸಂಬಳದಿಂದ ಕಡಿತವಿಲ್ಲ. ಪಿಂಚಣಿಯಿಲ್ಲ, ಗ್ರಾಚ್ಯುಟಿಯಿಲ್ಲ. ನಾಲ್ಕು ವರ್ಷದ ನಂತರ ಕಾಯಂ ಸೇವೆಗೆ ಉಳಿಸಿಕೊಳ್ಳುವುದು ಶೇ 25ರವರೆಗೆ ಮಾತ್ರ. ನಡುವೆ ಬೇಡವೆನಿಸಿದರೆ ರಾಜೀನಾಮೆ ಕೊಟ್ಟು ಬರುವಂತಿಲ್ಲ. ಅಪರೂಪದ ಕಾರಣಗಳಿಗಷ್ಟೇ ಮೇಲಧಿಕಾರಿಗಳು ಬಿಡುಗಡೆ ಕೊಡಬಹುದು. ಷರತ್ತುಗಳು ಬದಲಾಗುವುದುಂಟು, ಆದ್ದರಿಂದ ಊರವರ ಬಾಯಿಮಾತು ನಂಬದೆ ಈ ಬಾರಿಯ ಅಧಿಸೂಚನೆಯನ್ನೇ ಮಗನಿಂದ ಗಟ್ಟಿಯಾಗಿ ಓದಿಸಿ, ತಿಳಿಯದ್ದನ್ನು ಬೆಳಗಾವಿಯ ಸೇನಾ ಭರ್ತಿ ಕಚೇರಿಯಲ್ಲೇ ಕೇಳಿ.

ಆಗ ಅವನಿಗೆ ಕೇಳಬೇಕಾದ ನಿಜವಾದ ಪ್ರಶ್ನೆ ನಿಮ್ಮ ಕೈಗೆ ಬರುತ್ತದೆ: ಆ ಶೇ 25ರಲ್ಲಿ ನೀನು ಇಲ್ಲದಿದ್ದರೆ, ಇಪ್ಪತ್ತೆರಡನೇ ವಯಸ್ಸಿನಲ್ಲಿ ಊರಿಗೆ ಬಂದು ಏನು ಮಾಡುತ್ತೀ? ನನ್ನ ಮಟ್ಟಿಗೆ ಇದು ಗಡಿಯ ಅಪಾಯದಷ್ಟೇ ಗಂಭೀರವಾದ ಪ್ರಶ್ನೆ, ಆದರೆ ಹಳ್ಳಿಗಳಲ್ಲಿ ಇದನ್ನು ಕೇಳುವವರೇ ಕಡಿಮೆ. ಅವನ ಉತ್ತರ ನಿಮಗೆ ಇಷ್ಟವಾಗದಿರಬಹುದು. ಉತ್ತರವೊಂದು ಇದ್ದರೆ ಸಾಕು. ಪೊಲೀಸ್ ಇಲಾಖೆಯೋ, ಅರೆಸೇನಾ ಪಡೆಯೋ, ಆ ಗಂಟಿನಲ್ಲಿ ಮುಂದಿನ ಓದೋ, ಹೊಲಕ್ಕೆ ಹನಿ ನೀರಾವರಿಯೋ, ಏನನ್ನಾದರೂ ಯೋಚಿಸಿದ್ದಾನೆಯೇ ನೋಡಿ.

ಈ ಮಾತಿಗೇ ಸೇರಿಕೊಂಡು ಪಿಯುಸಿ ಬರುತ್ತದೆ. ಸಾಮಾನ್ಯ ಹುದ್ದೆಗೆ ಹತ್ತನೇ ತರಗತಿ ಸಾಕೆಂಬ ಕಾರಣಕ್ಕೆ ಎಷ್ಟೋ ಹುಡುಗರು ಪರೀಕ್ಷೆಯನ್ನು ಅಲಕ್ಷಿಸುತ್ತಾರೆ. ವಿಜ್ಞಾನ ಓದುತ್ತಿರುವ ನಿಮ್ಮ ಮಗ ಒಳ್ಳೆಯ ಅಂಕದಲ್ಲಿ ಪಾಸಾದರೆ ತಾಂತ್ರಿಕ ವಿಭಾಗದ ಅಗ್ನಿವೀರನಾಗಲು ಅರ್ಜಿ ಹಾಕಬಹುದು. ಅದಕ್ಕಿಂತ ಹೆಚ್ಚಾಗಿ, ಅದೇ ಓದಿನ ಮೇಲೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಪರೀಕ್ಷೆ ಬರೆದು ಅಧಿಕಾರಿಯಾಗುವ ದಾರಿಯೂ ಅವನ ಮುಂದಿದೆ. ಅದನ್ನು ಅವನಿಗೆ ಯಾರಾದರೂ ಹೇಳಿದ್ದಾರೆಯೇ? ನಮ್ಮ ಹಳ್ಳಿಗಳ ಹುಡುಗರಿಗೆ ಮಿಲಿಟರಿ ಎಂದರೆ ಓಟ, ಎತ್ತರ, ಎದೆಯ ಅಳತೆ. ಪುಸ್ತಕದಿಂದಲೂ ಒಳಗೆ ಹೋಗಬಹುದೆಂದು ಹೇಳಿಕೊಡದಿರುವುದು ನಮ್ಮಂಥ ಮೇಷ್ಟ್ರುಗಳ ತಪ್ಪು. 2023ರಿಂದ ಭರ್ತಿಯಲ್ಲೂ ಮೊದಲು ಕಂಪ್ಯೂಟರಿನ ಲಿಖಿತ ಪರೀಕ್ಷೆ, ಅದರಲ್ಲಿ ಪಾಸಾದವರಿಗಷ್ಟೇ 1.6 ಕಿಲೋಮೀಟರ್ ಓಟ. ಆದ್ದರಿಂದ "ಪಿಯುಸಿ ಮುಗಿಸು, ಆಮೇಲೆ ಸಹಿ" ಎಂಬ ಷರತ್ತು ಹಾಕಿದರೆ ಅದು ಅಡ್ಡಗಾಲಲ್ಲ, ಅವನಿಗೆ ಒತ್ತಾಸೆ. ಹಣ ಕೊಟ್ಟರೆ ಭರ್ತಿ ಮಾಡಿಸುತ್ತೇನೆ ಎಂದು ಯಾರಾದರೂ ಮನೆಗೆ ಬಂದರೆ ಹೊಸಿಲಲ್ಲೇ ನಿಲ್ಲಿಸಿ ಕಳುಹಿಸಿ.

ನಿಮ್ಮ ಯಜಮಾನರ ಬಗ್ಗೆಯೂ ಒಂದು ಮಾತು ಹೇಳಬೇಕು. ಅಳತೆಯ ಪಟ್ಟಿಯ ಮುಂದೆ ಸೋತು ಬಂದ ಆ ದಿನ ಅವರ ಮನಸ್ಸಿನಲ್ಲಿ ಇನ್ನೂ ಇದೆ, ಇರುವುದು ಸಹಜ. ಆದರೆ ಮಗ ಓಡುತ್ತಿರುವುದು ತನ್ನ ಆಸೆಗೋ ಅಪ್ಪನ ಆಸೆಗೋ ಎಂಬುದು ಅವನಿಗೇ ಸ್ಪಷ್ಟವಿರಬೇಕು. ಇದನ್ನು ಪತ್ತೆಹಚ್ಚಲು ಪ್ರಶ್ನಿಸಬೇಕಾಗಿಲ್ಲ. "ನೀನು ಭರ್ತಿಯಲ್ಲಿ ಪಾಸಾಗಲಿಲ್ಲ ಅಂದರೂ ನನಗೇನೂ ಬ್ಯಾಸರಿಲ್ಲ" ಎಂದು ಅಪ್ಪನೇ ಅವನಿಗೆ ಹೇಳಲಿ, ಆಗ ಅವನ ಮುಖ ನೋಡಿ. ಹಗುರಾದರೆ ಒಂದು ಅರ್ಥ, ಇನ್ನಷ್ಟು ಗಟ್ಟಿಯಾದರೆ ಇನ್ನೊಂದು.

ಇಷ್ಟೆಲ್ಲ ಆಗಿ, ಅವನು ಷರತ್ತುಗಳನ್ನು ಓದಿ, ಪಿಯುಸಿ ಮುಗಿಸಿ, ಆಮೇಲೂ ಹೋಗುತ್ತೇನೆ ಎಂದರೆ ಸಹಿ ಹಾಕಿ. ಭಯ ಹೋಗುವವರೆಗೆ ಕಾಯಬೇಡಿ, ಅದು ಹೋಗುವುದಿಲ್ಲ. ನಿಮ್ಮ ಜಿಲ್ಲೆಯ ಊರುಗಳಲ್ಲಿ ಮಗನನ್ನು ಸೇನೆಗೆ ಕಳುಹಿಸಿದ ತಾಯಂದಿರು ಓಣಿ ಓಣಿಯಲ್ಲಿದ್ದಾರೆ. ಅವರಲ್ಲಿ ಒಬ್ಬರ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತು ಕೇಳಿ: ಮೊದಲ ತಿಂಗಳು ಹೇಗೆ ಕಳೆಯಿತು, ಫೋನ್ ಬರದ ದಿನ ಏನು ಮಾಡುತ್ತಿದ್ದಿರಿ, ಟಿ.ವಿ.ಯಲ್ಲಿ ಗಡಿಯ ಸುದ್ದಿ ಬಂದಾಗ ನೋಡುತ್ತೀರೋ ಆರಿಸುತ್ತೀರೋ. ಅವರು ಹೇಳುವುದನ್ನು ನನ್ನಿಂದ ಹೇಳಲಾಗದು. ತರಬೇತಿಯ ಮೊದಲ ವಾರಗಳಲ್ಲಿ ಫೋನ್ ಅಪರೂಪವೆಂಬುದನ್ನು ಮಾತ್ರ ಈಗಲೇ ತಿಳಿದಿರಿ, ಇಲ್ಲವಾದರೆ ಆ ಮೌನವನ್ನೇ ಕೆಟ್ಟ ಸುದ್ದಿಯೆಂದು ಎಣಿಸುತ್ತೀರಿ. ತರಬೇತಿ ಮುಗಿದ ದಿನದ ಪ್ರಮಾಣವಚನದ ಪರೇಡಿಗೆ ತಂದೆ ತಾಯಿಯನ್ನು ಕರೆಯುವ ರೂಢಿಯಿದೆ. ಆ ಪ್ರಯಾಣಕ್ಕೆ ನೀವು ಹೋಗಲೇಬೇಕು. ಶೇಂಗಾ ನೆನೆಸುವುದನ್ನೂ ನಿಲ್ಲಿಸಬೇಡಿ.

ಪ್ರಶ್ನೆ: ನಾನು ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಗಣಿತ ಶಿಕ್ಷಕ. ಪ್ರಥಮ ಪಿಯುಸಿಯಲ್ಲಿರುವ ಮಗಳು ರಾಷ್ಟ್ರೀಯ ರಕ್ಷಣಾ ಅಕಾಡೆಮಿಗೆ ಸೇರುತ್ತೇನೆ ಎನ್ನುತ್ತಾಳೆ. ಹೆಣ್ಣುಮಕ್ಕಳಿಗೆ ಅದು ಆಗದ ಮಾತು ಎಂದು ಮನೆಯ ಹಿರಿಯರ ಅಭಿಪ್ರಾಯ. ಅವಳ ಮನಸ್ಸು ನೋಯದಂತೆ ಬೇಡವೆನ್ನುವುದು ಹೇಗೆ?

ಉತ್ತರ: ಆಗದ ಮಾತು ಎಂಬುದು 2021ರವರೆಗೆ ನಿಜವಾಗಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಯುವತಿಯರಿಗೂ ಪರೀಕ್ಷೆ ಬರೆಯಲು ಅವಕಾಶ ಕೊಟ್ಟಿತು, ಮರುವರ್ಷ ಮೊದಲ ತಂಡ ಪುಣೆ ಬಳಿಯ ಖಡಕ್‌ವಾಸ್ಲಾಕ್ಕೆ ಹೋಯಿತು, 2025ರ ಮೇ ತಿಂಗಳಲ್ಲಿ 17 ಯುವತಿಯರು ಮೂರು ವರ್ಷದ ತರಬೇತಿ ಮುಗಿಸಿ ಹೊರಬಂದರು. ಆದ್ದರಿಂದ ಹಿರಿಯರ ಮಾತನ್ನು ಗೌರವದಿಂದ ಕೇಳಿ, ಆದರೆ ಅದನ್ನು ನಿಮ್ಮ ಕಾರಣವಾಗಿ ಮಗಳ ಮುಂದಿಡಬೇಡಿ. ನಿಮ್ಮ ಸ್ವಂತ ಕಾರಣವಿದ್ದರೆ ಅದನ್ನು ನೇರವಾಗಿ ಹೇಳಿ. ನೋಯಿಸದಂತೆ ಬೇಡವೆನ್ನುವ ಉಪಾಯ ನನಗೆ ತಿಳಿದಿಲ್ಲ.

ಅವಳಿಗೆ ತಿಳಿಸಬೇಕಾದ ಕಹಿ ಸತ್ಯ ಬೇರೆಯಿದೆ. ಯುವತಿಯರಿಗೆ ಇರುವ ಸ್ಥಾನಗಳು ತೀರ ಕಡಿಮೆ, ಮೊದಲ ತಂಡಕ್ಕೆ ಇದ್ದದ್ದು 19. ಲಿಖಿತ ಪರೀಕ್ಷೆ ದಾಟಿದರೂ ಐದು ದಿನಗಳ ಆಯ್ಕೆ ಮಂಡಳಿಯಿಂದ ಹೆಚ್ಚಿನವರು ಹಿಂದಿರುಗುತ್ತಾರೆ, ಆಮೇಲೆ ವೈದ್ಯಕೀಯ ಪರೀಕ್ಷೆ. ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುತ್ತದೆ, ವಯೋಮಿತಿ ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಅಷ್ಟರಲ್ಲಿ ಆಗದಿದ್ದರೆ ಪದವಿಯ ನಂತರ ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಯ ದಾರಿಯಿದೆ, ಅಲ್ಲಿ 1990ರ ದಶಕದಿಂದಲೇ ಮಹಿಳೆಯರು ತರಬೇತಿ ಪಡೆಯುತ್ತಿದ್ದಾರೆ. ಇದು ತಿಳಿದಿದ್ದರೆ ಮೊದಲ ಸೋಲಿಗೆ ಅವಳು ಕುಸಿಯುವುದಿಲ್ಲ.

ಇನ್ನೊಂದು ಸಂಗತಿ. ಆ ಪರೀಕ್ಷೆಯ ಒಂಬೈನೂರು ಅಂಕಗಳಲ್ಲಿ ಮುನ್ನೂರು ಗಣಿತಕ್ಕೆ; ಎರಡೂವರೆ ಗಂಟೆಯಲ್ಲಿ 120 ಪ್ರಶ್ನೆಗಳು, ತಪ್ಪು ಉತ್ತರಕ್ಕೆ ಅಂಕ ಕಡಿತ. ಸಾವಿರಾರು ಮಕ್ಕಳು ಇದೊಂದಕ್ಕೇ ಟ್ಯೂಷನ್ ಹುಡುಕಿಕೊಂಡು ಅಲೆಯುತ್ತಾರೆ. ನಿಮ್ಮ ಮಗಳಿಗೆ ಮನೆಯಲ್ಲೇ ಗಣಿತದ ಮೇಷ್ಟ್ರಿದ್ದಾರೆ. ಬರುವ ಭಾನುವಾರ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಹಿಡಿದು ಅವಳ ಪಕ್ಕದಲ್ಲಿ ಕೂತು, ಗಡಿಯಾರವಿಟ್ಟು ಇಬ್ಬರೂ ಬಿಡಿಸಿ ನೋಡಿ.