ನೋಡದೆ ಸಹಿ ಹಾಕಲ್ಲ ಅಂದಿದ್ದು ತಪ್ಪಾ?

ಪ್ರಶ್ನೆ: ನಾನು ನೋಂದಾಯಿತ ನರ್ಸ್. ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿಲ್ಲ. ನಮ್ಮ ವಾರ್ಡಿನಲ್ಲಿ ಇನ್ಸುಲಿನ್, ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ) ಕೊಡುವ ಮೊದಲು ಇಬ್ಬರು ನರ್ಸ್‌ಗಳು ನೋಡಿ ಸಹಿ ಹಾಕಬೇಕು. ಮೊನ್ನೆ ರಾತ್ರಿ ಪಾಳಿಯಲ್ಲಿ ಹಿರಿಯ ಸಿಸ್ಟರ್ ಒಬ್ಬರು ಇನ್ಸುಲಿನ್ ಕೊಟ್ಟು ಬಂದು, ಚಾರ್ಟ್ ಮುಂದಿಟ್ಟು "ಸುಮ್ನೆ ಒಂದು ಸಹಿ ಹಾಕು" ಎಂದರು. ನೋಡಿಲ್ಲ, ಹಾಕಲ್ಲ ಅಂದೆ. ಅಂದಿನಿಂದ ಮಾತು ಬಿಟ್ಟಿದ್ದಾರೆ. ಉಳಿದವರೂ ಆಡಿಕೊಳ್ಳುತ್ತಾರೆ. ನನಗೆ ಕೆಲಸ ಕಲಿಸಿದ್ದೇ ಅವರು. ಕ್ಷಮೆ ಕೇಳಲೇ? ಬೇರೆ ಕಡೆ ಕೆಲಸ ಹುಡುಕಲೇ?

ಉತ್ತರ: ನೀವು ಸಹಿ ಹಾಕದಿದ್ದದ್ದು ಸರಿ. ಅದಕ್ಕೆ ಕ್ಷಮೆ ಕೇಳಬೇಡಿ. ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿಬಿಟ್ಟಿದ್ದರೆ ಮಾತ್ರ ಆ ಧಾಟಿಗೆ ಒಂದು ‘ಸಾರಿ’ ಇರಲಿ.

ಇನ್ಸುಲಿನ್ ವಿಷಯದಲ್ಲಿ ಎಡವುವುದು ಎಷ್ಟು ಸುಲಭ ಅಂತ ನಿಮಗೆ ಗೊತ್ತೇ ಇದೆ. ಹೆಚ್ಚು ಬಳಕೆಯಲ್ಲಿರುವ ಒಂದು ಬಗೆಯ ಇನ್ಸುಲಿನ್‌ನಲ್ಲಿ ಒಂದು ಎಂ.ಎಲ್‌.ಗೆ 100 ಯೂನಿಟ್. 10 ಯೂನಿಟ್ ಅಂದರೆ ಬರೀ 0.1 ಎಂ.ಎಲ್. ಇನ್ಸುಲಿನ್ ಸಿರಿಂಜ್ ಬಿಟ್ಟು ಮಾಮೂಲಿ ಸಿರಿಂಜ್ ಹಿಡಿದು, ದಶಮಾಂಶ ಚುಕ್ಕಿಯ ಲೆಕ್ಕ ತಪ್ಪಿದರೆ ಹತ್ತು ಪಟ್ಟು ಹೋಗಿಬಿಡುತ್ತದೆ. ಯೂನಿಟ್ ಎಂದು ಪೂರ್ತಿ ಬರೆಯದೆ ಅಂಕಿಯ ಪಕ್ಕ ಇಂಗ್ಲಿಷಿನ ‘ಯು’ ಗೀಚಿದಾಗ, ಅದು ಸೊನ್ನೆಯಂತೆ ಕಂಡು 10 ಇದ್ದದ್ದನ್ನು 100 ಎಂದು ಓದಿ ಕೊಟ್ಟದ್ದೂ ಇದೆ. ಇನ್ಸುಲಿನ್ ಹೆಚ್ಚಾಗಿ ರಕ್ತದ ಸಕ್ಕರೆ ತೀರಾ ಇಳಿದ ರೋಗಿಗೆ ಮಲಗಿದಲ್ಲೇ ಪ್ರಜ್ಞೆ ತಪ್ಪಬಹುದು. ರಾತ್ರಿ ಹೊತ್ತು ದೂರದಿಂದ ನೋಡುವವರಿಗೆ ಅದು ನಿದ್ದೆಯಂತೆಯೇ ಕಾಣುತ್ತದೆ.

ಹಿರಿಯರಿಗೆ ಇಂಥದ್ದು ಆಗಲ್ಲ ಅಂತೇನಿಲ್ಲ. ಸಾವಿರ ಸಲ ಮಾಡಿದ ಕೆಲಸದಲ್ಲಿ ಕಣ್ಣು ತಾನು ಅಂದುಕೊಂಡಿದ್ದನ್ನೇ ಓದುತ್ತದೆ. ಹಾಗಾಗಿ ಎರಡನೆಯವರು ಲೆಕ್ಕವನ್ನು ತಾವೇ ಮೊದಲಿನಿಂದ ಮಾಡಬೇಕು. "ಎಂಟು ಯೂನಿಟ್, ಸರಿ ಅಲ್ವಾ?" ಎಂದು ಕೇಳಿದರೆ ಯಾರಾದರೂ ಹೂಂ ಅಂದುಬಿಡುತ್ತಾರೆ. ಎಷ್ಟು ಎಂದು ಹೇಳದೆ ಡಾಕ್ಟರ್ ಬರೆದದ್ದು, ಔಷಧಿಯ ವಯಲ್, ಎಳೆದ ಸಿರಿಂಜ್, ರೋಗಿಯ ಕೈಪಟ್ಟಿ ಎಲ್ಲವನ್ನೂ ತೋರಿಸಬೇಕು. ಕೊಟ್ಟಾದ ಮೇಲೆ ಇದರಲ್ಲಿ ಯಾವುದನ್ನು ನೋಡುತ್ತೀರಿ? ಆಮೇಲೆ ಹಾಕುವ ಸಹಿ ಸುಳ್ಳು ದಾಖಲೆ, ಅಷ್ಟೇ.

ನಾಳೆ ಏನಾದರೂ ಆದರೆ "ಸೀನಿಯರ್ ಹೇಳಿದರು" ಎಂಬ ಮಾತು ನಿಮ್ಮನ್ನು ಕಾಯುವುದಿಲ್ಲ. 1901ರಲ್ಲಿ ನ್ಯೂಜಿಲೆಂಡ್ ನರ್ಸ್‌ಗಳ ನೋಂದಣಿಗೆಂದೇ ಪ್ರತ್ಯೇಕ ಕಾನೂನು ಮಾಡಿತು. ಮರುವರ್ಷ ಎಲೆನ್ ಡೊಹರ್ಟಿ ಎಂಬವರ ಹೆಸರು ಆ ಪಟ್ಟಿಯಲ್ಲಿ ಮೊದಲು ಸೇರಿತು. ಈಗ ಅಂಥದ್ದೇ ಒಂದು ಪಟ್ಟಿಯಲ್ಲಿ ನಿಮ್ಮ ಹೆಸರೂ ಇದೆ, ಅದರ ಜೊತೆಗೆ ಹೊಣೆಯೂ ನಿಮ್ಮದೇ. ಡಾಕ್ಟರ್ ಬರೆದ ಡೋಸ್ ಮೇಲೆ ಅನುಮಾನ ಬಂದರೂ ಅಷ್ಟೇ. ಕೊಡದೆ ನಿಲ್ಲಿಸಿ, ಅವರನ್ನೇ ಕೇಳುವುದು ನರ್ಸ್ ಕೆಲಸದೊಳಗೇ ಬರುತ್ತದೆ.

ಇನ್ನು ಮುನಿಸಿನ ವಿಷಯ. ಆ ಸಿಸ್ಟರ್ ಕೆಟ್ಟವರು ಅಂತ ನನಗನ್ನಿಸುವುದಿಲ್ಲ. ಬಹುಶಃ ಆ ಹೊತ್ತಿನಲ್ಲಿ ಕರೆಯಲು ಯಾರೂ ಸಿಗಲಿಲ್ಲವೇನೋ. ಪಾಳಿ ಶುರುವಾಗುವ ಮೊದಲು ಅವರೊಬ್ಬರೇ ಸಿಕ್ಕಾಗ ಹೇಳಿ: "ಸಿಸ್ಟರ್, ನಿಮ್ಮ ಮೇಲೆ ನಂಬಿಕೆ ಇಲ್ಲ ಅಂತಲ್ಲ. ನೋಡದೇ ಇರೋದಕ್ಕೆ ಸಹಿ ಹಾಕೋಕೆ ನನಗೆ ಭಯ. ಔಷಧಿ ಎಳೆಯುವಾಗ ಕರೀರಿ, ಬರ್ತೀನಿ." ಕರೆದಾಗ ನಿಜವಾಗಿಯೂ ಹೋಗಿ. ನೀವು ಔಷಧಿ ಎಳೆದಾಗ ಅವರನ್ನೇ ಕರೆದು ತೋರಿಸಿ. ಸಾವಿರ ವಿವರಣೆಗಿಂತ ಇದು ಬೇಗ ಕೆಲಸ ಮಾಡುತ್ತದೆ. ಆಡಿಕೊಳ್ಳುವವರಿಗೆ ನಾಲ್ಕು ದಿನದಲ್ಲಿ ಬೇರೆ ವಿಷಯ ಸಿಗುತ್ತದೆ ಬಿಡಿ.

ಒಂದು ವಿಷಯ ನೀವು ಬರೆದಿಲ್ಲ. ಚಾರ್ಟಿನಲ್ಲಿ ಎರಡನೇ ಸಹಿಯ ಆ ಖಾಲಿ ಜಾಗ ಕೊನೆಗೆ ಏನಾಯಿತು? ಇನ್ಯಾರೋ ನೋಡದೇ ಸಹಿ ಹಾಕಿದ್ದರೆ ಇನ್‌ಚಾರ್ಜ್ ಸಿಸ್ಟರ್‌ಗೆ ತಿಳಿಸಲೇಬೇಕು. ಯಾರ ಮೇಲೂ ಚಾಡಿ ಹೇಳಿದಂತೆ ಆಗದಿರಲು "ರಾತ್ರಿ ಎರಡನೇ ಸಹಿಗೆ ಜನ ಸಿಗ್ತಿಲ್ಲ, ಏನು ಮಾಡೋಣ?" ಎಂದೇ ಮಾತು ಶುರುಮಾಡಿ.

ಕೆಲಸ ಬಿಡುವ ಯೋಚನೆ ಈಗ ಬೇಡ. ಇನ್‌ಚಾರ್ಜ್ ಕೂಡ "ಹಾಕಿಬಿಡಮ್ಮ, ಏನಾಗುತ್ತೆ" ಅಂದರೆ ಆಗ ಹುಡುಕಿ. ಹೊಸ ಕಡೆ ಸಂದರ್ಶನಕ್ಕೆ ಹೋದಾಗ, ರಾತ್ರಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು, ಎರಡನೇ ಸಹಿ ಯಾರು ಹಾಕುತ್ತಾರೆ ಎಂದು ನೀವೇ ಕೇಳಿಬಿಡಿ.